ಹಳೆ ಮಾರುತಿಯ ಮುಂಗಾಲು: ಅಂಗಳದ ರಿಪೇರಿಗೆ ಹದಿನಾರು ಸೂತ್ರಗಳು

ನಮ್ಮನೆ ಮಾರುತಿ 800 ಹುಟ್ಟಿದ್ದು 1999ರಲ್ಲಿ. ಅದರ ಆರ್‌ಸಿಗೆ ಹದಿನೈದು ವರ್ಷ ತುಂಬಿದ್ದು 2014ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಕಂಪನಿ ಆ ಮಾದರಿ ಮಾಡುವುದನ್ನೇ ನಿಲ್ಲಿಸಿತು. ಆಮೇಲಿನಿಂದ ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು, ಪಿಂಚಣಿದಾರರು ಬದುಕಿದ್ದೇನೆಂದು ಸಹಿ ಹಾಕಿ ಬರುವ ಹಾಗೆ, ಅದಕ್ಕೂ ಒಂದು ನವೀಕರಣ ಮಾಡಿಸಿಕೊಂಡು ಬರುತ್ತೇನೆ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಈಗಲೂ ಚಳಿಗಾಲದ ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು ಕೂರುತ್ತದೆ. ಸೋತಿರುವುದು ಮುಂಗಾಲು. ನಮ್ಮ ಸಾಗರ ತಾಲ್ಲೂಕಿನ ಮಳೆ, ಕೆಸರು, ತೋಟದ ದಾರಿಯ ಕಲ್ಲು, ಊರೂರಿನ ಹಂಪ್ಸು, ಎಲ್ಲ ಸೇರಿ ತಿನ್ನುವುದು ಅದನ್ನೇ.

ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಮೇಷ್ಟ್ರಿಗೂ ಮೇಸ್ತ್ರಿಗೂ ಒಂದಕ್ಷರದ ವ್ಯತ್ಯಾಸ ತಾನೇ ಅಂದುಕೊಂಡು ಹತ್ತು ವರ್ಷದ ಹಿಂದೆ ಸ್ಪ್ಯಾನರ್ ಹಿಡಿದೆ. ವ್ಯತ್ಯಾಸ ಎಷ್ಟೆಂದು ಮೊದಲ ಭಾನುವಾರವೇ ಗೊತ್ತಾಯಿತು. ಕೆಳಗಿನ ಸೂತ್ರಗಳಲ್ಲಿ ಅರ್ಧ ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟದ್ದು, ಇನ್ನರ್ಧ ಕೆಡಿಸಿ ಕಲಿತದ್ದು. ಎಲ್ಲದರ ತಳದಲ್ಲಿರುವುದು ಒಂದೇ ಮಾತು: ಈ ಕೆಲಸದಲ್ಲಿ ತಡವಾಗಿ ಬಿಚ್ಚಿದವನೇ ಗೆಲ್ಲುವುದು.

1. ಮೊದಲು ಡಿಕ್ಕಿ ಖಾಲಿ ಮಾಡಿ

"ಮುಂದುಗಡೆ ಲೊಟಲೊಟ ಅಂತಿದೆ" ಎಂದು ಹೋದರೆ ಮೇಸ್ತ್ರಿ ಮೊದಲು ತೆಗೆಯುವುದು ಹಿಂದಿನ ಬಾಗಿಲು. ಜಾಕು, ಅದರ ಹಿಡಿಕೆ, ಸಡಿಲಾದ ಸ್ಟೆಪ್ನಿ, ಮರೆತುಹೋದ ಎರಡು ತೆಂಗಿನಕಾಯಿ. ತಗಡಿನ ಪುಟ್ಟ ಗಾಡಿಯಲ್ಲಿ ಸದ್ದು ಹುಟ್ಟಿದ್ದೆಲ್ಲಿ, ಕೇಳಿಸಿದ್ದೆಲ್ಲಿ ಎನ್ನುವುದಕ್ಕೆ ತಾಳಮೇಳ ಇರುವುದಿಲ್ಲ. ಬ್ಯಾಟರಿಯ ಕ್ಲಾಂಪು, ಸೈಲೆನ್ಸರ್ ತೂಗುಹಾಕಿದ ರಬ್ಬರು, ನಂಬರ್ ಪ್ಲೇಟಿನ ಸ್ಕ್ರೂ, ಇವನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ನಾನೊಮ್ಮೆ ಹದಿನೈದು ದಿನ ಶಾಕ್ ಅಬ್ಸಾರ್ಬರಿಗೆ ಶಾಪ ಹಾಕಿಕೊಂಡು ಓಡಾಡಿದ್ದೆ. ಸೀಟಿನಡಿ ಉರುಳುತ್ತಿದ್ದದ್ದು ಮಗಳ ಸ್ಟೀಲ್ ಬಾಟಲಿ.

2. ಸದ್ದಿಗೆ ಹೆಸರಿಡಿ

ಡಿಕ್ಕಿ ಖಾಲಿಯಾದ ಮೇಲೂ ಸದ್ದು ಉಳಿದರೆ ಅದು ಎಂಥದ್ದು ಎಂದು ಬಾಯಲ್ಲಿ ಅಂದು ನೋಡಿ. ದಬದಬ, ಪಟಪಟ, ಚಟಚಟ ಅನ್ನುತ್ತಲೇ ಬೆಳೆದ ನಮಗೆ ಇದೇನು ಕಷ್ಟವಲ್ಲ, ಅರ್ಧ ರೋಗ ಇಲ್ಲೇ ಪತ್ತೆಯಾಗುತ್ತದೆ.

ಸಣ್ಣ ಸಣ್ಣ ಗುಂಡಿಯ ಮೇಲೆ ನಿಧಾನಕ್ಕೆ ಹೋಗುವಾಗ "ಲೊಟಲೊಟ" ಅಂದರೆ ಅನುಮಾನ ಸ್ಟೆಬಿಲೈಸರ್ ಬಾರಿನ ಬುಷ್‌ಗಳ ಮೇಲೆ, ನಂತರ ಬಾಲ್ ಜಾಯಿಂಟಿನ ಮೇಲೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಹೊರಡುವಾಗ "ಟಕಟಕಟಕ" ಅಂದರೆ ಡ್ರೈವ್ ಶಾಫ್ಟಿನ ಹೊರತುದಿಯ ಸಿವಿ ಜಾಯಿಂಟ್ ಸವೆದಿದೆ, ಬೇರೆ ಸಾಕ್ಷಿ ಬೇಕಿಲ್ಲ. ವೇಗ ಏರಿದಂತೆ ಏರುವ "ಗೂಂ" ವ್ಹೀಲ್ ಬೇರಿಂಗಿನದು. ಯಾವ ಕಡೆಯದು? ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿ. ಬಲಕ್ಕೆ ತಿರುಗಿಸಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಗೂಂಕಾರ ಜೋರಾದರೆ ಕೆಟ್ಟಿರುವುದು ಎಡಗಡೆಯದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗು "ಟೊಂಯ್" ಎಂದು ಎಗರಿದರೆ ಸ್ಟ್ರಟ್ಟಿನ ನೆತ್ತಿಯ ಮೌಂಟು ಹಿಡಿದುಕೊಂಡಿದೆ.

"ಕಿರ್ರೋ ಕಿರ್ರೋ" ಒಣಗಿದ ರಬ್ಬರಿನದು. ಯಾವ ಬುಷ್ ಎಂದು ಹುಡುಕಲು ಚೊಂಬಿನಲ್ಲಿ ನೀರು ಹಿಡಿದು ಒಂದೊಂದಕ್ಕೇ ಹೊಯ್ದು, ಬಾನೆಟ್ ಒತ್ತಿ ಕುಣಿಸಿ. ಎಲ್ಲಿ ಹೊಯ್ದಾಗ ಸದ್ದು ನಿಂತಿತೋ ಅಲ್ಲಿದ್ದಾನೆ ಕಳ್ಳ. ಆ ಖುಷಿಯಲ್ಲಿ ಎಂಜಿನ್ ಆಯಿಲೋ ಗ್ರೀಸೋ ಬಳಿಯಬೇಡಿ. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಇವತ್ತು ಸುಮ್ಮನಾದ ಬುಷ್ ಮಳೆಗಾಲ ಕಳೆಯುವುದರೊಳಗೆ ಚೂರಾಗುತ್ತದೆ.

3. ಟೈರು ಓದಿ

ಈ ಗಾಡಿಯ ಟೈರು 145/70 ಆರ್ 12, ಅಂಗೈ ಚಾಚಿದರೆ ಅಗಲ ಮುಗಿಯುತ್ತದೆ. ಅಷ್ಟರಲ್ಲೇ ಎಷ್ಟೊಂದು ಬರೆದಿರುತ್ತದೆ ನೋಡಿ. ಎರಡು ಅಂಚು ಸವೆದು ನಡು ಚೆನ್ನಾಗಿದ್ದರೆ ಗಾಳಿ ಕಡಿಮೆ ಹಾಕಿ ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಚಕ್ರ ಓರೆಯಾಗಿ ನಿಂತಿದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ: ಒಂದು ಕಡೆಗೆ ನುಣುಪು, ಹಿಂದಕ್ಕೆ ಬರುವಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಚಕ್ರ ರಸ್ತೆಯ ಮೇಲೆ ಓಡುವ ಬದಲು ಕುಪ್ಪಳಿಸುತ್ತಿದೆ. ಕಾಸು ಖರ್ಚಿಲ್ಲದ ಪರೀಕ್ಷೆ ಇದು, ಮಾಡುವವರು ಮಾತ್ರ ಕಡಿಮೆ.

4. ನೆಲ ನೋಡಿ ಜಾಕ್ ಕೊಡಿ

ಇಲ್ಲಿ ತಮಾಷೆ ಬೇಡ. ಗಾಡಿಯ ತೂಕ ಸುಮಾರು 650 ಕಿಲೋ, ಹೆಚ್ಚಿನ ಪಾಲು ಎಂಜಿನ್ ಇರುವ ಮುಂಭಾಗದಲ್ಲಿ. ಗಾಡಿಯ ಜೊತೆ ಬಂದ ಜಾಕು ಸ್ಟೆಪ್ನಿ ಬದಲಾಯಿಸುವುದಕ್ಕಷ್ಟೇ ಇರುವುದು, ಅದರ ಭರವಸೆಯಲ್ಲಿ ಯಾರೂ ಗಾಡಿಯಡಿ ತಲೆ ಹಾಕಕೂಡದು.

ನಮ್ಮ ಕೊಟ್ಟಿಗೆಯದು ಮಣ್ಣಿನ ನೆಲ. ಮೊದಲ ಸಲ ಜಾಕ್ ಏರಿಸಿದಾಗ ಗಾಡಿ ಮೇಲೆ ಹೋಗುವ ಬದಲು ಜಾಕೇ ಕೆಳಗೆ ಹೋಯಿತು. ಈಗ ಎರಡಂಗುಲ ದಪ್ಪದ ಹಲಸಿನ ಹಲಗೆ ಹಾಸಿ, ಅದರ ಮೇಲೆ ಜಾಕ್ ಇಡುತ್ತೇನೆ. ಗಾಡಿ ಎದ್ದ ಕೂಡಲೇ ಎರಡು ಟನ್ನಿನ ಸ್ಟ್ಯಾಂಡುಗಳನ್ನು ಬಾಡಿಯ ಗಟ್ಟಿ ಜಾಗ ನೋಡಿ ಕೊಟ್ಟು, ಜಾಕ್ ಇಳಿಸಿ, ಭಾರವನ್ನೆಲ್ಲ ಅವುಗಳ ಮೇಲೆ ಕೂರಿಸುತ್ತೇನೆ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದ್ದು ತಾನೇ, ಅದನ್ನು ಎಳೆದು, ಜೊತೆಗೆ ಹಿಂಗಾಲಿಗೆ ಎರಡೂ ಕಡೆ ಕಲ್ಲು. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸುತ್ತೇನೆ. ಏನಾದರೂ ಜಾರಿದರೆ ಗಾಡಿ ಬೀಳುವುದು ಅದರ ಮೇಲೆ, ನನ್ನ ಎದೆಯ ಮೇಲಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕು ಇಡುವವರನ್ನು ನೋಡಿದ್ದೇನೆ. ಗೋಡೆಯಲ್ಲಿ ಹರಡಿದ ಭಾರವನ್ನು ಎಷ್ಟು ಬೇಕಾದರೂ ಹೊರುವ ಬ್ಲಾಕು ಒಂದೇ ಚುಕ್ಕೆಯಲ್ಲಿ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಸಿಡಿಯುತ್ತದೆ.

ಸ್ಟ್ಯಾಂಡ್ ಕೊಟ್ಟ ಮೇಲೆ ಗಾಡಿಯನ್ನು ಪಕ್ಕದಿಂದ ಜೋರಾಗಿ ಒಮ್ಮೆ ತಳ್ಳಿ. ಬೀಳುವುದಿದ್ದರೆ ಈಗಲೇ ಬೀಳಲಿ.

5. ಹನ್ನೆರಡು–ಆರು, ಒಂಬತ್ತು–ಮೂರು

ಎತ್ತಿದ ಚಕ್ರವನ್ನು ಗೋಡೆ ಗಡಿಯಾರ ಅಂದುಕೊಳ್ಳಿ. ಹನ್ನೆರಡು ಮತ್ತು ಆರು ಗಂಟೆಯ ಜಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಸಿಕ್ಕಿದರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು. ಇವೆರಡನ್ನು ಬೇರ್ಪಡಿಸುವ ಉಪಾಯ ಹೇಳಿಕೊಟ್ಟದ್ದು ಮೇಸ್ತ್ರಿ. ಅವತ್ತಿಗೂ ಇವತ್ತಿಗೂ ನನಗದು ಒಗಟು ಬಿಡಿಸಿದಷ್ಟು ಖುಷಿ ಕೊಡುತ್ತದೆ. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಬೇಕು. ನಮ್ಮನೆಯಲ್ಲಿ ಈ ಕೆಲಸ ಮಗಳದ್ದು.

"ಅಪ್ಪಾ, ಎಷ್ಟ್ ಹೊತ್ತು ಒತ್ಕೊಂಡು ಕೂರದು?"

"ಬಿಡಬೇಡ ಮಾರಾಯ್ತಿ, ಒಂದೇ ನಿಮಿಷ."

ಬ್ರೇಕ್ ಒತ್ತಿದಾಗ ಚಕ್ರದ ಜೊತೆಗಿನ ಡಿಸ್ಕನ್ನು ಕ್ಯಾಲಿಪರ್ ಕಚ್ಚಿ ಹಿಡಿಯುತ್ತದೆ; ಕ್ಯಾಲಿಪರ್ ಇರುವುದು ಬೇರಿಂಗನ್ನು ಹೊತ್ತ ಲೋಹದ ತುಂಡಾದ ನಕಲ್ ಮೇಲೆ. ಅಂದರೆ ಚಕ್ರ ಮತ್ತು ನಕಲ್ ಒಂದೇ ತುಂಡಾದವು, ನಡುವಿನ ಬೇರಿಂಗು ಲೆಕ್ಕದಿಂದ ಹೊರಗೆ. ಈಗ ಅಲ್ಲಾಡಿಸಿದಾಗ ಆಟ ಮಾಯವಾದರೆ ತಪ್ಪು ಬೇರಿಂಗಿನದು. ಆಟ ಹಾಗೇ ಉಳಿದರೆ ಬಾಲ್ ಜಾಯಿಂಟಿನದು. ಖಚಿತಪಡಿಸಿಕೊಳ್ಳಲು ಟೈರಿನಡಿ ಹಾರೆ ಕೊಟ್ಟು ಮೆಲ್ಲಗೆ ಮೀಟಿ, ಬಾಲ್ ಜಾಯಿಂಟ್ ಕೂತಿರುವ ಲೋವರ್ ಆರ್ಮಿನ ತುದಿಯನ್ನೇ ನೋಡುತ್ತಿರಿ.

ಒಂಬತ್ತು–ಮೂರರಲ್ಲಿ ಆಟ ಇದ್ದರೆ ಅದು ಸ್ಟೀರಿಂಗ್ ಕಡೆಯ ಕಥೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟು ಇನ್ನೊಬ್ಬರಿಂದ ಚಕ್ರ ಅಲ್ಲಾಡಿಸಿ. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ "ಕಟ್" ಎಂದು ಗೊತ್ತಾಗುತ್ತದೆ.

6. ಎರಡು ದಿನ ಮೊದಲೇ ಎಣ್ಣೆ ಬಿಡಿ

ಇಪ್ಪತ್ತೈದು ಮಳೆಗಾಲ ಕಂಡ ಬೋಲ್ಟು ಭಾನುವಾರ ಬೆಳಿಗ್ಗೆ ಕೇಳಿದ ಕೂಡಲೇ ಬರುವುದಿಲ್ಲ. ಶುಕ್ರವಾರ ಸಂಜೆ ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಶನಿವಾರ ಇನ್ನೊಂದು ಸಲ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಟಣ್ ಟಣ್ ಎಂದು ನಾಲ್ಕು ಹೊಡೆದರೆ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ಮೊದಲು ಒಂದಿಷ್ಟು ಬಿಗಿ ಕಡೆಗೆ ತಿರುಗಿಸಿ ನೋಡಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಪದರ ಒಡೆಯಲು ಎರಡೂ ದಿಕ್ಕು ಸಹಾಯ ಮಾಡುತ್ತವೆ. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ಹಳೆ ಬೋಲ್ಟಿನ ಕಿವಿ ತಿಂದುಹಾಕುತ್ತದೆ.

7. ಒಂದು ತಟ್ಟೆ, ಒಂದು ಫೋಟೊ

ಅಡುಗೆಮನೆಯಿಂದ ಹಳೆ ಊಟದ ತಟ್ಟೆ ಕೇಳಿ ಪಡೆಯಿರಿ (ಕೇಳದೆ ತಂದರೆ ಸಂಜೆ ಬೇರೆ ರಿಪೇರಿ ಇರುತ್ತದೆ). ಬಿಚ್ಚಿದ ಕ್ರಮದಲ್ಲೇ ನಟ್ಟು, ವಾಷರುಗಳನ್ನು ಗಡಿಯಾರದ ದಿಕ್ಕಿಗೆ ಜೋಡಿಸುತ್ತಾ ಹೋಗಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ. ಸ್ಟೆಬಿಲೈಸರ್ ಬಾರಿನ ತುದಿಯ ಬಟ್ಟಲು ವಾಷರುಗಳ ಮುಖ ಯಾವ ಕಡೆ ಎನ್ನುವುದು ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮರೆತಿರುತ್ತದೆ.

8. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ

ಬಿಚ್ಚದ ಇನ್ನೊಂದು ಕಡೆ ನಿಮ್ಮ ಪಠ್ಯಪುಸ್ತಕ. ಸಂಶಯ ಬಂದಾಗ ಹೋಗಿ ನೋಡಿ ಬನ್ನಿ. ಅದು ಕನ್ನಡಿ ಬಿಂಬ ಎನ್ನುವುದು ಮಾತ್ರ ನೆನಪಿರಲಿ.

9. ಟೈ ರಾಡ್ ಎಂಡ್ ಬಿಚ್ಚುವ ಮೊದಲು ಎಣಿಸಿ

ಇದರ ಮೊಳೆ ನಕಲಿನ ಕಣ್ಣೊಳಗೆ ಮೊನಚಾಗಿ ಕೂತಿರುತ್ತದೆ. ನಟ್ಟು ತೆಗೆದರೂ ಕದಲುವುದಿಲ್ಲ. ಸಿಟ್ಟು ಬಂದು ಮೊಳೆಯ ತುದಿಗೇ ಸುತ್ತಿಗೆ ಹಾಕಿದರೆ ಎಳೆ ಅಣಬೆಯಾಗುತ್ತದೆ. ಪುಲ್ಲರ್ ಇಲ್ಲವೇ? ನಟ್ಟನ್ನು ನಾಲ್ಕೆಳೆಯಷ್ಟು ಹಾಗೇ ಬಿಟ್ಟು, ಕಣ್ಣಿನ ಪಕ್ಕಕ್ಕೆ ಒಂದು ಕಡೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಎದುರು ಕಡೆಯಿಂದ ಇನ್ನೊಂದರಲ್ಲಿ ಎರಡು ಸರಿಯಾದ ಪೆಟ್ಟು. ಆ ಕ್ಷಣಕ್ಕೆ ಕಣ್ಣು ಕೂದಲೆಳೆಯಷ್ಟು ಮಿಡುಕಿ ಮೊಳೆಯ ಹಿಡಿತ ಬಿಡುತ್ತದೆ, "ಟಪ್" ಎಂದು ತಾನೇ ಕೆಳಗೆ ಕೂರುತ್ತದೆ.

ಈಗ ಎಣಿಕೆ. ಲಾಕ್ ನಟ್ಟನ್ನು ಕಾಲು ಸುತ್ತಿನಷ್ಟೇ ಸಡಿಲಿಸಿ, ಅದಿದ್ದ ಜಾಗಕ್ಕೆ ಬಿಳಿ ಬಣ್ಣದಲ್ಲಿ ಗೀಟು ಹಾಕಿ, ಎಂಡ್ ಎಷ್ಟು ಸುತ್ತಿಗೆ ಹೊರಬಂತು ಎಂದು ಬಾಯ್ಬಿಟ್ಟು ಎಣಿಸಿ. ಹೊಸದನ್ನು ಅಷ್ಟೇ ಸುತ್ತು ಒಳಗೆ ತಿರುಗಿಸಿ. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಸ್ಟೀರಿಂಗ್ ಓರೆಯಾಗಿ, ಗಾಡಿ ಅಲೈನ್‌ಮೆಂಟ್ ಅಂಗಡಿಗೆ ಹೋಗುವಷ್ಟರಲ್ಲೇ ಟೈರು ತಿನ್ನತೊಡಗುತ್ತದೆ. ಸ್ಪ್ಲಿಟ್ ಪಿನ್ ಮಾತ್ರ ಪ್ರತಿ ಸಲ ಹೊಸದು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿ ಉಳಿಸುವ ದುಡ್ಡು ಒಂದು ಕಪ್ ಚಹಾದ್ದೂ ಅಲ್ಲ.

10. ಸ್ಪ್ರಿಂಗಿಗೆ ದೂರದಿಂದಲೇ ಕೈ ಮುಗಿಯಿರಿ

ಮಾರುತಿಯ ಮುಂಗಾಲಿನದು ಮ್ಯಾಕ್‌ಫರ್ಸನ್ ಸ್ಟ್ರಟ್: ಶಾಕ್ ಅಬ್ಸಾರ್ಬರ್ ನಡುವೆ, ಅದರ ಸುತ್ತ ಸ್ಪ್ರಿಂಗು, ಎರಡೂ ಸೇರಿ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ಜನರಲ್ ಮೋಟಾರ್ಸಿನ ಒಂದು ಸಣ್ಣ ಕಾರಿಗೆಂದು ಇದನ್ನು ರೂಪಿಸಿದ. ಆ ಕಾರು ಮಾರುಕಟ್ಟೆಗೇ ಬರಲಿಲ್ಲ, ಅವನು ಫೋರ್ಡ್ ಕಂಪನಿಗೆ ಹೋದ, ವಿದ್ಯೆಯೂ ಜೊತೆಗೆ ಹೋಯಿತು. ಕಡಿಮೆ ಜಾಗ, ಕಡಿಮೆ ಬಿಡಿಭಾಗ. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳ ಮುಂಗಾಲನ್ನು ತೆಗೆದು ನೋಡಿದರೆ ಹೆಚ್ಚಿನವು ಇದೇ.

ಸ್ಟ್ರಟ್ ಸತ್ತಿದೆಯೇ ಎಂದು ನೋಡಲು ಬಾನೆಟ್ಟಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಎದ್ದು ಒಮ್ಮೆ ತಗ್ಗಿ ನಿಂತರೆ ಸರಿ. ಜೋಕಾಲಿಯಾಡಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆ ಸುರಿದು ಧೂಳು ಮೆತ್ತಿದ್ದರೆ, ಅದರ ಕಾಲ ಮುಗಿದಿದೆ. ಬದಲಾಯಿಸುವುದು ಎರಡೂ ಕಡೆಯದು, ಒಂದೇ ಸಲ. ಒಂದು ಕಾಲು ಗಟ್ಟಿ, ಒಂದು ಕಾಲು ಮೆತ್ತಗೆ ಇದ್ದರೆ ಬ್ರೇಕ್ ಹಾಕಿದಾಗ ಗಾಡಿ ಕುಂಟುತ್ತದೆ.

ಇಡೀ ಸ್ಟ್ರಟ್ಟನ್ನು ಮನೆಯಲ್ಲೇ ಇಳಿಸಬಹುದು. ಬ್ರೇಕ್ ಪೈಪನ್ನು ಅದರ ಹಿಡಿಕೆಯಿಂದ ಬಿಡಿಸಿ, ನಕಲಿನ ಎರಡು ಬೋಲ್ಟು, ಮೇಲೆ ಬಾನೆಟ್ಟಿನೊಳಗೆ ಸುತ್ತಲಿನ ಚಿಕ್ಕ ನಟ್ಟುಗಳು. ನಡುಮಧ್ಯೆ ಇರುವ ದೊಡ್ಡ ನಟ್ಟನ್ನು ಮಾತ್ರ ಮುಟ್ಟಬೇಡಿ. ಅದೊಂದೇ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು. ಗಾಡಿ ನಿಂತಾಗ ಒಂದೊಂದು ಮುಂಗಾಲು ಹೊರುವುದು ಸುಮಾರು ಇನ್ನೂರು ಕಿಲೋ; ಅಂಥ ಸ್ಪ್ರಿಂಗು ಬಿಡಿಸಿಕೊಂಡು ಹಾರಿದರೆ ಗೋಡೆ, ಮಾವಿನಮರ, ಮುಖ ಎಂದು ನೋಡುವುದಿಲ್ಲ. ಬಾಡಿಗೆಗೆ ತಂದ ತುಕ್ಕು ಹಿಡಿದ ಸ್ಪ್ರಿಂಗ್ ಕಂಪ್ರೆಸರಿನಲ್ಲಿ ಈ ಸಾಹಸ ಬೇಡ. ಇಳಿಸಿದ ಸ್ಟ್ರಟ್ಟನ್ನು ಹಾಗೇ ಗೋಣಿಯಲ್ಲಿ ಸುತ್ತಿ ಗ್ಯಾರೇಜಿಗೆ ಒಯ್ಯಿರಿ, ಸ್ಪ್ರಿಂಗ್ ದಾಟಿಸಿಕೊಡುತ್ತಾರೆ. ವ್ಹೀಲ್ ಬೇರಿಂಗಿನದೂ ಇದೇ ಮಾತು. ನಕಲ್ ಬಿಚ್ಚಿ ಒಯ್ಯುವುದು ನಮ್ಮ ಕೆಲಸ, ಪ್ರೆಸ್ಸಿನಲ್ಲಿ ಕೂರಿಸುವುದು ಲೇತ್ ಅಂಗಡಿಯದು. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗು ಮನೆ ಸೇರುವ ಮೊದಲೇ ಗೂಂ ಅನ್ನುತ್ತದೆ.

11. ಬುಷ್‌ನ ಬೋಲ್ಟು ಬಿಗಿಯುವುದು ಗಾಡಿ ಕಾಲ ಮೇಲೆ ನಿಂತ ಮೇಲೆ

ಈ ಪಟ್ಟಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಮೊದಲ ಸಲ ಲೋವರ್ ಆರ್ಮ್ ಬದಲಾಯಿಸಿದಾಗ ಎಲ್ಲ ಅಚ್ಚುಕಟ್ಟಾಗಿ ಮಾಡಿದ್ದೆ. ಹೊಸ ಆರ್ಮು, ಹೊಸ ಬುಷ್, ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದೆ, ಚಕ್ರ ಹಾಕಿದೆ, ಇಳಿಸಿದೆ. ನಾಲ್ಕೇ ತಿಂಗಳಿಗೆ ಮತ್ತೆ ಲೊಟಲೊಟ. ಅಂಗಡಿಯವನು ನಕಲಿ ಕೊಟ್ಟ ಎಂದು ರೇಗಿಕೊಂಡು ಮುರಿದ ಬುಷ್ ಹಿಡಿದು ಮೇಸ್ತ್ರಿಯ ಹತ್ತಿರ ಹೋದೆ. ಅವರು ರಬ್ಬರಿನ ಮೇಲೆ ಸುರುಳಿಯಾಗಿ ಹರಿದ ಗೆರೆಗಳನ್ನು ಉಗುರಿನಿಂದ ತೋರಿಸಿ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಗಾಡಿ ಮೇಲಿದ್ದಾಗ ಬಿಗಿದ್ರಾ, ಕೆಳಗಿದ್ದಾಗ ಬಿಗಿದ್ರಾ?"

ಬುಷ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರು. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಬಾಡಿಗೆ ಕಚ್ಚಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಆರ್ಮು ಮೇಲೆ ಕೆಳಗೆ ಆಡುವುದು ರಬ್ಬರು ತಿರುಚಿಕೊಳ್ಳುವುದರಿಂದ ಮಾತ್ರ. ಗಾಡಿ ಜಾಕಿನ ಮೇಲಿದ್ದಾಗ ಚಕ್ರ ಜೋತುಬಿದ್ದು, ಆರ್ಮು ಕೆಳಮುಖವಾಗಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಭಂಗಿ. ಗಾಡಿ ಇಳಿಸಿದ ಕೂಡಲೇ ಆರ್ಮು ಮೇಲೇರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ, ನಿಂತಾಗಲೂ ಓಡುವಾಗಲೂ ಹಾಗೇ ತಿರುಚಿಕೊಂಡೇ ಇರುತ್ತದೆ. ಒಂದು ಗುಂಡಿ ಸಿಕ್ಕರೆ ಇನ್ನಷ್ಟು ತಿರುಚು. ಕತ್ತು ಒಂದೇ ಕಡೆಗೆ ತಿರುಗಿಸಿಕೊಂಡು ನಾಲ್ಕು ತಿಂಗಳು ಬದುಕಿ ನೋಡಿ.

ಆದ್ದರಿಂದ ಮೇಲಿದ್ದಾಗ ಬೋಲ್ಟನ್ನು ಬೀಳದಷ್ಟು ಮಾತ್ರ ತಿರುಗಿಸಿ. ಚಕ್ರ ಹಾಕಿ ಇಳಿಸಿ, ಗಾಡಿಯನ್ನು ಹತ್ತಡಿ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಒತ್ತಿ ನಾಲ್ಕು ಸಲ ಕುಣಿಸಿ. ಅದು ತನ್ನ ಸಹಜ ಎತ್ತರಕ್ಕೆ ಬರಲಿ. ಸ್ಟೀರಿಂಗ್ ತಿರುಗಿಸಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಸಿಗದಿದ್ದರೆ ನಾಲ್ಕೂ ಚಕ್ರದಡಿ ದಪ್ಪ ಹಲಗೆ ಕೊಡಿ. ಈಗ ಬಿಗಿಯಿರಿ. ಸ್ಟೆಬಿಲೈಸರ್ ಬಾರಿನ ಬುಷ್‌ಗಳಿಗೂ ಇದೇ ನಿಯಮ. ಈ ಗಾಡಿಯಲ್ಲಿ ಆ ಬಾರಿಗೆ ಎರಡು ಕೆಲಸ: ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವುದು, ಜೊತೆಗೆ ಲೋವರ್ ಆರ್ಮು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು. ಅದರ ಬುಷ್ ಹೋದರೆ ಸದ್ದಷ್ಟೇ ಅಲ್ಲ, ಬ್ರೇಕ್ ಒತ್ತಿದಾಗ ಚಕ್ರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಹೆಚ್ಚಿನ "ಸ್ಟೀರಿಂಗ್ ಎಳೀತಿದೆ" ದೂರುಗಳನ್ನು ನಾನೀಗ ಇಲ್ಲಿಂದಲೇ ಹುಡುಕಲು ಶುರುಮಾಡುತ್ತೇನೆ.

ಎರಡನೆಯ ಸಲ ಹಾಕಿದ ಬುಷ್ ಐದು ಮಳೆಗಾಲ ಕಂಡಿದೆ. ಅದೇ ಅಂಗಡಿಯದ್ದು.

12. ಬೂಟು ಬಗ್ಗಿ ನೋಡಿ

ಚಕ್ರದ ಹಿಂದೆ ಡ್ರೈವ್ ಶಾಫ್ಟಿನ ತುದಿಗೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರಿನ ಟೋಪಿ ಇರುತ್ತದೆ, ಅದೇ ಬೂಟು. ಅದು ಹರಿದರೆ ಗ್ರೀಸು ಹೊರಗೆ, ಕೆಸರು ಒಳಗೆ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸು ಸಿಡಿದಿದ್ದರೆ ಅದೇ ಸುಳಿವು. ಆಗಲೇ ಬೂಟು ಬದಲಾಯಿಸಿದರೆ ಅಗ್ಗ. ಟಕಟಕ ಕೇಳಿಸಿದ ಮೇಲೆ ಇಡೀ ಜಾಯಿಂಟಿನ ಬೆಲೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಗ್ಗಿ ನೋಡಿದರೆ ಸಾಕು.

13. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ

"1999ರ ಮಾರುತಿಗೆ ಒಂದು ಆರ್ಮು" ಎಂದು ಬಾಯಲ್ಲಿ ಹೇಳಿದರೆ ಬರುವುದು ಯಾವುದಕ್ಕೋ ಹೊಂದುವಂಥದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ ಅನ್ನುತ್ತಾರೆ. ಅಲ್ಲೂ ಹಳೆಯದನ್ನು ಕೌಂಟರಿನ ಮೇಲಿಟ್ಟು ಹೊಸದರ ಪಕ್ಕ ಹೋಲಿಸಿದವನೇ ಜಾಣ. "ಒರಿಜಿನಲ್" ಎಂಬ ಮಾತಿಗೆ ಅಂಗಡಿಯಲ್ಲಿ ಮೂರು ಅರ್ಥ: ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬಂದದ್ದು, ಕಂಪನಿಗೆ ಮಾಡಿಕೊಡುವವರೇ ತಮ್ಮ ಹೆಸರಿನಲ್ಲಿ ಮಾರುವುದು, ಮತ್ತು "ಒರಿಜಿನಲ್ ಥರಾನೇ ಸಾರ್". ಮೊದಲೆರಡು ಸರಿ. ಗುಜರಿಯಿಂದ ಬಾಗಿಲ ಹಿಡಿಕೆ ತನ್ನಿ, ಕನ್ನಡಿ ತನ್ನಿ. ಸ್ಟೀರಿಂಗ್, ಬ್ರೇಕು, ಬಾಲ್ ಜಾಯಿಂಟ್ ಮಾತ್ರ ಎಂದೂ ಬೇಡ.

14. ಚಕ್ರದ ನಟ್ಟು: ಮೊದಲು ಬೆರಳು, ಆಮೇಲೆ ಸ್ಪ್ಯಾನರು

ನಾಲ್ಕೇ ನಟ್ಟು, ಅದರಲ್ಲೇ ನಮ್ಮ ಪ್ರಾಣ. ರಿಮ್ಮು ಮತ್ತು ಡಿಸ್ಕಿನ ನಡುವಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಯಿರಿ. ಅಲ್ಲಿ ಉಳಿದ ಚಕ್ಕೆ ನಾಳೆ ಪುಡಿಯಾದರೆ ನಟ್ಟು ಸಡಿಲ. ನಟ್ಟಿನ ಮೊನಚು ಮುಖ ರಿಮ್ಮಿನ ಕಡೆಗೆ. ಎಲ್ಲವನ್ನೂ ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರು ಎರಡು, ಮತ್ತೆ ಎದುರುಬದುರು ಎರಡು. ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ.

ಎಷ್ಟು ಬಿಗಿ? ಪುಸ್ತಕದಲ್ಲಿ ನ್ಯೂಟನ್ ಮೀಟರಿನಲ್ಲಿ ಕೊಟ್ಟಿರುತ್ತಾರೆ. ವಿಜ್ಞಾನದ ಮೇಷ್ಟ್ರಾಗಿ ಹೇಳುವುದಾದರೆ, ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಎಂಟು ಕಿಲೋ ಅಕ್ಕಿಯ ಚೀಲ ತೂಗುಹಾಕಿದರೆ ಸುಮಾರು 78 ನ್ಯೂಟನ್ ಮೀಟರ್. ಅಂದರೆ ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯುವ ಅಗತ್ಯ ಖಂಡಿತ ಇಲ್ಲ. ಟಾರ್ಕ್ ರೆಂಚ್ ಒಂದು ಕೊಂಡರೆ ಜೀವಮಾನಕ್ಕೆ ಸಾಕು. ಪೇಟೆಯಲ್ಲಿ ಗಾಳಿ ಗನ್ನಿನಿಂದ "ಟರ್ರ್" ಎಂದು ಬಿಗಿಸಿಕೊಂಡು ಬಂದರೆ ಮನೆಯಲ್ಲೊಮ್ಮೆ ಕೈಯಿಂದ ಸಡಿಲಿಸಿ ಮತ್ತೆ ಬಿಗಿಯಿರಿ. ಇಲ್ಲವಾದರೆ ರಾತ್ರಿ ಘಾಟಿಯಲ್ಲಿ ಪಂಕ್ಚರ್ ಆದಾಗ ನಟ್ಟು ಬರುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಬರುವುದಿಲ್ಲ. ಚಕ್ರ ಹಾಕಿ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

15. ಅಲೈನ್‌ಮೆಂಟ್ ಕೊನೆಗೆ, ಬ್ಯಾಲೆನ್ಸ್ ಬೇರೆ

ಇವೆರಡನ್ನು ಒಂದೇ ಎಂದು ತಿಳಿದವರೇ ಜಾಸ್ತಿ. ಅರವತ್ತು, ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸು. ಕೈಬಿಟ್ಟರೆ ಗಾಡಿ ಒಂದು ಕಡೆಗೆ ಸರಿದರೆ ಅಲೈನ್‌ಮೆಂಟು. ಸಡಿಲ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಸೋರುವ ಕೊಡಕ್ಕೆ ಸುಣ್ಣ ಬಳಿದಂತೆ. ಮೊದಲು ಗಾಳಿ, ಆಮೇಲೆ ಸಡಿಲಿನ ರಿಪೇರಿ, ಕೊನೆಗೆ ಯಂತ್ರ. ಈ ಗಾಡಿಯ ಮುಂಗಾಲಿನಲ್ಲಿ ತಿದ್ದಲು ಬರುವುದು ಟೋ ಒಂದೇ. ಕ್ಯಾಂಬರ್ (ಚಕ್ರದ ವಾಲಿಕೆ) ತಪ್ಪಿದೆ ಎಂದು ಕಂಪ್ಯೂಟರ್ ತೋರಿಸಿದರೆ ಯಾವುದೋ ಭಾಗ ಬಾಗಿದೆ, ಇಲ್ಲವೇ ಸವೆದಿದೆ ಎಂದರ್ಥ.

ಪೇಟೆಗೆ ಹೋಗುವವರೆಗಿನ ಅಂದಾಜಿಗೆ ಮನೆಯಲ್ಲೇ ಅಳತೆ ಮಾಡಬಹುದು. ಎರಡೂ ಮುಂದಿನ ಟೈರಿನ ನಡುವಿನ ಅಂತರವನ್ನು ಮುಂಭಾಗದಲ್ಲಿ ಒಮ್ಮೆ, ಹಿಂಭಾಗದಲ್ಲಿ ಒಮ್ಮೆ, ಒಂದೇ ಎತ್ತರದಲ್ಲಿ ಟೇಪು ಹಿಡಿದು ನೋಡಿ. ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಬೆರಳಗಲ ವ್ಯತ್ಯಾಸ ಬಂದರೆ ಸುತ್ತು ಎಣಿಸುವಾಗ ಯಾರೋ ಮಾತಾಡಿಸಿದ್ದಾರೆ.

16. ಟೈರಿನ ಜಾತಕ ನೋಡಿ, ನಿಮ್ಮದನ್ನೂ ಬರೆದಿಡಿ

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 3219 ಎಂದಿದ್ದರೆ 2019ರ 32ನೆಯ ವಾರ ಹುಟ್ಟಿದ್ದು. ಕಡಿಮೆ ಓಡುವ ಹಳೆ ಗಾಡಿಗಳ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಗೆರೆ ಚೆನ್ನಾಗಿದೆ ಎಂದು ಹತ್ತು ವರ್ಷದ ಟೈರನ್ನು ನಂಬಬೇಡಿ, ಪಕ್ಕದ ಗೋಡೆಯಲ್ಲಿ ಕೂದಲು ಬಿರುಕು ಬಂದಿರುತ್ತದೆ. ಗೆರೆಗಳ ತಳದಲ್ಲಿರುವ ಚಿಕ್ಕ ದಿಬ್ಬಗಳ ಎತ್ತರ 1.6 ಮಿಲಿಮೀಟರ್. ಟೈರು ಅದರ ಮಟ್ಟಕ್ಕೆ ಬಂದರೆ ಮಳೆಯಲ್ಲಿ ಅದು ಟೈರಲ್ಲ.

ಗಾಡಿಯ ಲೆಕ್ಕಕ್ಕೆ ನೂರು ಪುಟದ ಒಂದು ನೋಟ್‌ಬುಕ್ಕು ಇರಲಿ. ದಿನಾಂಕ, ಮೀಟರಿನ ಕಿಲೋಮೀಟರು, ಬದಲಾಯಿಸಿದ ಭಾಗ, ಕೊಟ್ಟ ದುಡ್ಡು. ನನ್ನದು ಆಡಿಟ್ ಮಾಡುವವಳು ಮಗಳು. ಹೋದ ತಿಂಗಳು ಬ್ರೇಕ್ ಒತ್ತಿಕೊಂಡು ಕೂತಿದ್ದವಳು ಅದನ್ನು ತಿರುವಿಹಾಕಿ, "ಅಪ್ಪಾ, ಎಡಗಡೆ ಟೈ ರಾಡ್ ಎಂಡ್ ಮೂರು ಸಲ, ಬಲಗಡೆ ಒಂದೇ ಸಲ. ಯಾಕೆ?" ಅಂದಳು. ನನಗೆ ಹೊಳೆದಿರಲಿಲ್ಲ. ಗೇಟಿನ ಹೊರಗೆ ಚರಂಡಿಯ ಮೇಲೆ ಹಾಕಿದ ಕಲ್ಲುಚಪ್ಪಡಿ ಎಡಗಡೆ ಕುಸಿದಿದೆ. ದಿನಾ ಎರಡು ಸಲ ಎಡ ಚಕ್ರ ಅದರೊಳಗೆ ಬಿದ್ದು ಏಳುತ್ತದೆ. ಮರುದಿನ ಹಾರೆ ತಂದು ಚಪ್ಪಡಿ ಎತ್ತಿ, ಅಡಿಗೆ ಜಲ್ಲಿ ತುಂಬಿದೆ. ಆ ಖರ್ಚನ್ನೂ ಅವಳು ಕಾರಿನ ಲೆಕ್ಕಕ್ಕೇ ಬರೆದಿದ್ದಾಳೆ.